ಬೆಳಕು ಬೀಳುವ ಜಾಗ

ಜೀಪಿಗೆ ಎಕ್ಸ್‌ಟ್ರಾ ಲೈಟು ಹಾಕಿಸಬೇಕು ಅನ್ನಿಸಿದವರು ಮೊದಲು ಅಂಗಡಿಗೆ ಹೋಗಬಾರದು. ನಾಲ್ಕಾರು ರಾತ್ರಿ ತಮ್ಮ ದಾರಿಯಲ್ಲೇ ಓಡಾಡಿ, ಅಲ್ಲಿನ ಕತ್ತಲೆ ಎಂಥದ್ದು ಅಂತ ನೋಡಿಕೊಂಡು ಬರಬೇಕು. ಕತ್ತಲೆಗೂ ಊರಿದೆ, ಕಾಲವಿದೆ. ಮೂಡಿಗೆರೆ ಸೀಮೆಯ ನಮಗಂತೂ ಒಂದೇ ವರ್ಷದಲ್ಲಿ ಹಲವು ಬಗೆಯ ಕತ್ತಲೆ ಸಿಗುತ್ತದೆ. ಮಾಗಿಯಲ್ಲಿ ಆಕಾಶ ಶುಭ್ರ, ನಕ್ಷತ್ರಗಳು ನಿಚ್ಚಳ. ಆದರೆ ಕಾಫಿ ಕುಯ್ಲಿನ ಪಿಕಪ್ಪುಗಳು ಎಬ್ಬಿಸಿದ ಕೆಂಧೂಳು ತೋಟದ ರಸ್ತೆಯ ಮೇಲೆ ಇಳಿಯದೆ ನಿಂತಿರುತ್ತದೆ. ಜೂನ್ ಕಾಲಿಟ್ಟರೆ ಜಡಿಮಳೆ. ನೆನೆದ ಟಾರು ರಸ್ತೆ ಬಿದ್ದ ಬೆಳಕನ್ನೆಲ್ಲ ಮುಂದಕ್ಕೆ ಜಾರಿಸಿಬಿಡುತ್ತದೆ, ಓಡಿಸುವವನ ಕಣ್ಣಿಗೆ ಅದರಲ್ಲಿ ಒಂದಿಷ್ಟೂ ವಾಪಸು ಬರುವುದಿಲ್ಲ. ತೋಟದ ಒಳಗಿನ ಕತ್ತಲೆ ಬೇರೆ. ಮೇಲೆ ಸಿಲ್ವರ್ ಓಕು, ಹಲಸು, ಅತ್ತಿ. ಪಕ್ಕದಲ್ಲಿ ಕಾಫಿ ಗಿಡ. ಹುಣ್ಣಿಮೆಯ ದಿನವೂ ನೆಲಕ್ಕೆ ಚೂರುಚೂರು ಬೆಳದಿಂಗಳು ಮಾತ್ರ. ಇನ್ನು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಗೆ ಇಳಿದರೆ ಕತ್ತಲೆಯೇ ಬೆಳ್ಳಗಾಗಿರುತ್ತದೆ. ಅಲ್ಲಿ ಲೈಟು ಹಾಕಿದಷ್ಟೂ ಕಾಣಿಸುವುದು ಕಡಿಮೆ.

ಇಷ್ಟು ಕತ್ತಲೆಗಳಿಗೆ ಒಂದೇ ಲೈಟು ಸಾಲದು. ಎಲ್ಲವನ್ನೂ ಒಟ್ಟಿಗೆ ಹೊಡೆದೋಡಿಸುತ್ತೇನೆ ಎನ್ನುವ ಲೈಟು ಯಾವುದನ್ನೂ ಸರಿಯಾಗಿ ಮಾಡುವುದಿಲ್ಲ.

ಜೀಪಿನ ವಂಶದಲ್ಲೇ ಲೈಟಿನ ಬಗ್ಗೆ ಒಂದು ವಿಶೇಷ ಮುತುವರ್ಜಿ ಇದೆ, ಅದನ್ನು ನೆನೆದರೆ ನನಗೆ ಈಗಲೂ ಖುಷಿ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಹೆಡ್‌ಲೈಟುಗಳನ್ನು ಒಂದು ಕೀಲಿನ ಮೇಲೆ ಕೂರಿಸಿದ್ದರು. ರಾತ್ರಿ ಇಂಜಿನ್ ಕೆಟ್ಟು ನಿಂತರೆ ಬಾನೆಟ್ ಎತ್ತಿ, ಕಿವಿಯಿರುವ ನಟ್ಟು ಸಡಿಲಿಸಿ, ದೀಪವನ್ನೇ ಹಿಂದಕ್ಕೆ ತಿರುಗಿಸಿದರೆ ಆಯಿತು, ರಸ್ತೆಗೆ ಬೀಳುತ್ತಿದ್ದ ಬೆಳಕು ಇಂಜಿನ್ ಮೇಲೆ ಬೀಳುತ್ತಿತ್ತು. ಎಡ ಮಡ್‌ಗಾರ್ಡಿನ ಮೇಲೆ ಮರೆಮಾಡಿದ ಇನ್ನೊಂದು ಪುಟ್ಟ ದೀಪ. ಮೇಲಿಂದ ಹಾರುವ ಶತ್ರುವಿಮಾನಕ್ಕೆ ಕಾಣದಂತೆ ನೆಲಕ್ಕೆ ಮಾತ್ರ ಒಂದಿಷ್ಟು ಬೆಳಕು ಚೆಲ್ಲಲು ಅದು. ಆಗಿನ ಬ್ಯಾಟರಿ ಬರೀ 6 ವೋಲ್ಟಿನದು, ದೀಪ ಇಂದಿನ ಲೆಕ್ಕಕ್ಕೆ ಮಂಕೋ ಮಂಕು. ಆದರೂ ಬೆಳಕು ಎಲ್ಲಿ ಬೀಳಬೇಕು, ಎಲ್ಲಿ ಬೀಳಬಾರದು ಎಂದು ಯಾರೋ ಕೂತು ಯೋಚಿಸಿದ್ದಾರೆ. 1947ರಲ್ಲಿ ಮಹೀಂದ್ರಾದವರು ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಆ ಸಂತತಿಯ ಎಂಎಂ 540 ಇವತ್ತಿಗೂ ನಮ್ಮ ಶೆಡ್ಡಿನಲ್ಲಿದೆ. ಅದು ನನ್ನ ಸೋದರಮಾವನಿಂದ ನನಗೆ ಬಂದದ್ದು. ಕೀಲಿನ ದೀಪ ಇದಕ್ಕಿಲ್ಲ. ಏಳಿಂಚಿನ ದುಂಡನೆಯ ಹೆಡ್‌ಲೈಟು, ಒಳಗೆ 60/55 ವ್ಯಾಟಿನ ಎಚ್4 ಬಲ್ಬು. ಡಿಮ್ಮಿನಲ್ಲಿ ಸುಮಾರು 1000 ಲ್ಯುಮೆನ್, ಬ್ರೈಟಿನಲ್ಲಿ 1650ರ ಹತ್ತಿರ. ಊರಿಂದ ಊರಿಗೆ ಹೋಗಿಬರಲು ಇದು ಸಾಕು. ದೇವರಮನೆಯ ಕಡೆಗೋ ಎತ್ತಿನಭುಜದ ಬುಡಕ್ಕೋ ಕೊರಕಲು ಹಾದಿಯಲ್ಲಿ ಫೋರ್‌ವೀಲ್ ಹಾಕಿ, ಲೋ ಗೇರಿನಲ್ಲಿ ತೆವಳುವಾಗ ಮಾತ್ರ ಸಾಲುವುದಿಲ್ಲ. ಯಾಕೆಂದರೆ ಅಂಥ ಜಾಗದಲ್ಲಿ ನೋಡಬೇಕಾದದ್ದು ಮುಂದೆ ಇರುವುದಿಲ್ಲ, ಪಕ್ಕದಲ್ಲಿರುತ್ತದೆ: ಎಡಗಡೆಯ ಚರಂಡಿಯ ಅಂಚು, ಬಲಗಡೆಯ ಧರೆಯಿಂದ ಜಾರಿ ಬಂದು ಕೂತ ಕಲ್ಲು, ತಿರುವಿನ ಒಳಮೈ.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಲೈಟು ಕೇಳುವುದು ಒಂದು ಸುಖ. ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಡಬ್ಬಿ ಬಿಚ್ಚಿಡುತ್ತಾರೆ, ಹಳೆಯ ಬ್ಯಾಟರಿಗೆ ವೈರು ತಾಗಿಸಿ ಎದುರು ಗೋಡೆಗೆ ಬಿಡುತ್ತಾರೆ, ಹಗಲಲ್ಲೂ ಗೋಡೆ ಬೆಳಗುತ್ತದೆ. ಡಬ್ಬಿಯ ಮೇಲಿನ ಅಂಕಿಗಳು ಒಂದಕ್ಕಿಂತ ಒಂದು ದೊಡ್ಡವು. ಹತ್ತು ಸಾವಿರ ಲ್ಯುಮೆನ್, ಇಪ್ಪತ್ತು ಸಾವಿರ ಲ್ಯುಮೆನ್. ಅಲ್ಲಿ ಸ್ವಲ್ಪ ತಾಳ್ಮೆ ಬೇಕು. ವ್ಯಾಟ್ ಎಂದರೆ ದೀಪ ತಿನ್ನುವ ಕರೆಂಟಿನ ಲೆಕ್ಕ, ಅದರಿಂದ ಬೆಳಕೆಷ್ಟು ಎಂದು ತಿಳಿಯುವುದಿಲ್ಲ. ಲ್ಯುಮೆನ್ ಎಂದರೆ ದೀಪ ಹೊರಬಿಡುವ ಒಟ್ಟು ಬೆಳಕು, ಅದು ಯಾವ ಕಡೆ ಹೋಯಿತೆಂಬ ಸುದ್ದಿ ಅದರಲ್ಲಿಲ್ಲ. ಎಲ್‌ಇಡಿಗಳಲ್ಲಂತೂ ಡಬ್ಬಿಯ ಮೇಲಿನ ಅಂಕಿ ಎಷ್ಟೋ ಸಲ ಬಿಡಿ ಚಿಪ್ಪುಗಳ ಲೆಕ್ಕ. ಗಾಜು ದಾಟಿ, ಬಿಸಿಯೇರಿ, ನಿಜವಾಗಿ ಹೊರಗೆ ಬರುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ತೀಕ್ಷ್ಣ ಎಂಬುದಕ್ಕೆ ಕ್ಯಾಂಡೆಲಾ, ಕೊನೆಗೆ ರಸ್ತೆಯ ಮೇಲೆ ಎಷ್ಟು ಬಿತ್ತು ಎಂಬುದಕ್ಕೆ ಲಕ್ಸ್. ಒಂದು ಸೌಟು ಹಿಟ್ಟನ್ನು ಕಾವಲಿಯ ಮೇಲೆ ಒಂದೇ ಕಡೆ ದಪ್ಪಗೆ ಹುಯ್ಯಬಹುದು, ಇಲ್ಲವೇ ತೆಳ್ಳಗೆ ಅಗಲಕ್ಕೆ ಎಳೆಯಬಹುದು. ಹಿಟ್ಟು ಮಾತ್ರ ಅಷ್ಟೇ. ಲ್ಯುಮೆನ್ ಆ ಹಿಟ್ಟಿನ ಅಳತೆ, ದೋಸೆ ಹೇಗೆ ಬಂತೆಂದು ಹೇಳುವುದು ಲಕ್ಸ್.

ಒಳ್ಳೆಯ ಕಂಪನಿಗಳು ಇಷ್ಟು ಮೀಟರಿನಲ್ಲಿ 1 ಲಕ್ಸ್ ಎಂದು ಬರೆಯುತ್ತವೆ. ತಲೆಯ ಮೇಲಿನ ಹುಣ್ಣಿಮೆ ಚಂದ್ರ ನೆಲಕ್ಕೆ ಕೊಡುವುದು ಕಾಲು ಲಕ್ಸಿನ ಆಸುಪಾಸು, ಹಾಗಾಗಿ 1 ಲಕ್ಸ್ ಎಂದರೆ ನಾಲ್ಕು ಹುಣ್ಣಿಮೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತೇನೆ. 400 ಮೀಟರ್ ದೂರಕ್ಕೆ ನಾಲ್ಕು ಹುಣ್ಣಿಮೆ ಕಳಿಸಬೇಕಾದರೆ ದೀಪಕ್ಕೆ 1,60,000 ಕ್ಯಾಂಡೆಲಾ ಬೇಕು. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಅದನ್ನೇ ತಿರುಗಿಸಿ ನೋಡಿದರೆ, ದುಡ್ಡು ಸುರಿದು ಬೆಳಕನ್ನು ಎರಡು ಪಟ್ಟು ಮಾಡಿಕೊಂಡರೂ ದೂರ ಹೆಚ್ಚುವುದು ನೂರಕ್ಕೆ ನಲವತ್ತರಷ್ಟು ಮಾತ್ರ. ಆ ಹೆಚ್ಚಿನ ದೂರ ನಮಗೆ ಬೇಕೇ? ರಾಜಸ್ಥಾನದ ಮರಳಿನಲ್ಲಿ, ಸಮತಟ್ಟು ಬಯಲಿನಲ್ಲಿ ಗಂಟೆಗೆ ನೂರರಂತೆ ಹೋಗುವವರಿಗೆ ಬೇಕು. ತೋಟದ ಹಾದಿಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗುವ ಜೀಪು ಒಂದು ಸೆಕೆಂಡಿಗೆ ಐದೂವರೆ ಮೀಟರ್ ಸಾಗುತ್ತದೆ. ಮೂವತ್ತು ಮೀಟರಿಗೆ ತಿರುವು ಬಂದೇ ಬರುತ್ತದೆ. ನಾನ್ನೂರು ಮೀಟರಿನ ಬೆಳಕು ಆ ತಿರುವಿನಲ್ಲಿ ನೇರ ಹೋಗಿ ಕಣಿವೆಯ ಆಚೆಯ ಗುಡ್ಡಕ್ಕೆ ಬೀಳುತ್ತದೆ. ನಮ್ಮ ಚಕ್ರ ತಿರುಗಬೇಕಾದ ಜಾಗ ಕಪ್ಪಾಗೇ ಉಳಿಯುತ್ತದೆ.

ಹಾಗಾಗಿ ನಾನು ನೋಡುವುದು ಬೆಳಕಿನ ಆಕಾರವನ್ನು. ಸ್ಪಾಟ್ ಎಂದರೆ ಸಣ್ಣ ಕೋಲುಬೆಳಕು, ದೂರಕ್ಕೆ. ಡ್ರೈವಿಂಗ್ ಲ್ಯಾಂಪು ಅದಕ್ಕಿಂತ ಅಗಲ, ಹೆಡ್‌ಲೈಟಿನ ಬ್ರೈಟಿಗೆ ಜೊತೆಯಾಗಿ ರಸ್ತೆಯ ಎರಡೂ ಅಂಚು ಹಿಡಿದುಕೊಂಡು ಹೋಗುವಂಥದ್ದು. ಫಾಗ್ ಲ್ಯಾಂಪು ಬಲು ಅಗಲ, ಬಲು ಹತ್ತಿರ, ಮೇಲ್ಭಾಗ ಚಾಕುವಿನಲ್ಲಿ ಕುಯ್ದಷ್ಟು ನೇರ. ಮೂಲೆಗೆ ಹಾಕುವ ದೀಪಗಳೂ ಇವೆ, ಬಂಪರಿನ ತುದಿಯಲ್ಲಿ ಓರೆಯಾಗಿ ಕೂತು ಪಕ್ಕದ ಧರೆಯನ್ನು ಬೆಳಗಿಸುತ್ತವೆ. ಬಂಪರಿನಲ್ಲಿ ಜಾಗ ಕಡಿಮೆಯಿದ್ದು ಒಂದೇ ಜೊತೆ ಹಾಕಿಸುವುದಾದರೆ ಮಲೆನಾಡಿನವರು ಅಗಲದ ಬೆಳಕನ್ನೇ ಆರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗೆಳೆಯರಲ್ಲಿ ಅನೇಕರು ಒಪ್ಪುವುದಿಲ್ಲ. ದೂರಕ್ಕೆ ಹೊಡೆಯುವ ಬೆಳಕಿನಲ್ಲಿ ಒಂದು ಗತ್ತಿದೆ, ಅದನ್ನು ನಾನೂ ಬಲ್ಲೆ.

ಹತ್ತಿರದ ನೆಲಕ್ಕೆ ವಿಪರೀತ ಬೆಳಕು ಹಾಕುವುದೂ ತೊಂದರೆಯೇ. ಬಾನೆಟ್ಟಿನ ಮುಂದೆ ಹತ್ತು ಅಡಿ ಬೆಳ್ಳಂಬೆಳಗಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಐವತ್ತು ಅಡಿಯಾಚೆ ಏನಿದೆಯೋ ಅದು ಮಾಯ. ಚೆನ್ನಾಗಿ ಕಾಣುತ್ತಿದೆ ಎಂಬ ಭಾವನೆ ಮಾತ್ರ ಇರುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಕೊಡಚಾದ್ರಿಗೆ ಜೀಪು ಹತ್ತಿಸುವ ಒಬ್ಬ ಹಿರಿಯ ಚಾಲಕರು. ನಿಟ್ಟೂರಿನ ಚಹಾದಂಗಡಿಯಲ್ಲಿ ಕೂತು ಮಾತಾಡುತ್ತ ಅವರು ಹೇಳಿದ್ದು: “ಲೈಟು ಹೆಚ್ಚಾದ್ರೆ ಕಣ್ಣು ಸೋಮಾರಿ ಆಗ್ತದೆ ಮಾರಾಯ್ರೆ. ಸ್ವಲ್ಪ ಕತ್ತಲೆ ಇದ್ರೇನೇ ಅದು ಹುಡುಕ್ತದೆ.” ಆ ಹಾದಿಯಲ್ಲಿ ಓಡಾಡುವ ಜೀಪುಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಚಕ್ರ ಇಡಬೇಕಾದ ಕಲ್ಲು ಯಾವುದು ಎಂಬುದು ಒಂದು ಗೇಣಿನ ಪ್ರಶ್ನೆ.

ಈಗ ಮಂಜಿನ ವಿಷಯ. ಇದರ ಬಗ್ಗೆ ಎಷ್ಟು ಮಾತಾಡಿದರೂ ನನಗೆ ದಣಿವಿಲ್ಲ.

ಮಾವನ ಕಾಲದಲ್ಲಿ ಘಾಟಿಯ ಜೀಪು, ಲಾರಿಗಳವರು ಹೆಡ್‌ಲೈಟಿಗೆ ಹಳದಿ ಜಿಲೇಟಿನ್ ಹಾಳೆ ಅಂಟಿಸುತ್ತಿದ್ದರು, ಕೆಲವರು ಹಳದಿ ಬಣ್ಣವನ್ನೇ ಬಳಿಯುತ್ತಿದ್ದರು. ಮಾವ ಬಂಪರಿನ ಕೆಳಗೆ ಹಳದಿ ಗಾಜಿನ ಎರಡು ದೀಪ ಹಾಕಿಸಿದ್ದರು. ಮಂಜು ಕವಿದಾಗ ಹೆಡ್‌ಲೈಟು ಪೂರ್ತಿ ಆರಿಸಿ, ಅವೆರಡನ್ನೇ ಹಾಕಿಕೊಂಡು, ಪಕ್ಕದ ಬಾಗಿಲಿಂದ ತಲೆ ಹೊರಗೆ ಹಾಕಿ, ರಸ್ತೆಯಂಚಿನ ಬಿಳಿ ಗೆರೆಯನ್ನೋ ಹುಲ್ಲನ್ನೋ ಹಿಡಿದುಕೊಂಡು ಇಳಿಯುತ್ತಿದ್ದರು. “ಹಳದಿ ಬೆಳಕು ಮಂಜನ್ನ ತೂರಿಕೊಂಡು ಹೋಗ್ತದೆ ಕಣೋ” ಎನ್ನುತ್ತಿದ್ದರು. ಫ್ರಾನ್ಸಿನವರೂ ಒಂದು ಕಾಲಕ್ಕೆ ಹಳದಿಯನ್ನು ಹೀಗೇ ನಂಬಿದ್ದರು. 1936ರಿಂದ ಮೊದಲ್ಗೊಂಡು 1993ರ ತನಕ ಅಲ್ಲಿನ ಕಾರುಗಳ ಹೆಡ್‌ಲೈಟು ಕಾನೂನಿನ ಪ್ರಕಾರವೇ ಹಳದಿ.

ಬೆಳಕಿನ ಶಾಸ್ತ್ರ ಮಾತ್ರ ತೂರಿಕೊಂಡು ಹೋಗುವ ಮಾತನ್ನು ಒಪ್ಪುವುದಿಲ್ಲ. ಆಕಾಶ ನೀಲಿಯಾಗಿರುವುದು ಗಾಳಿಯ ಅಣುಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುವುದರಿಂದ; ಆ ಅಣುಗಳು ಬೆಳಕಿನ ಅಲೆಗಿಂತ ಎಷ್ಟೋ ಸಣ್ಣವು. ಮಂಜಿನ ಹನಿ ಹಾಗಲ್ಲ, ಅದರ ಅಡ್ಡಳತೆ ಸಾಮಾನ್ಯವಾಗಿ ಹತ್ತಿಪ್ಪತ್ತು ಮೈಕ್ರಾನು, ಬೆಳಕಿನ ಅಲೆಗಿಂತ ಹತ್ತಾರು ಪಟ್ಟು ದೊಡ್ಡದು. ಅಷ್ಟು ದೊಡ್ಡ ಹನಿ ನೀಲಿ, ಹಳದಿ, ಕೆಂಪು ಎಂಬ ಭೇದ ಮಾಡದೆ ಎಲ್ಲವನ್ನೂ ಸರಿಸುಮಾರು ಒಂದೇ ರೀತಿ ಚದುರಿಸುತ್ತದೆ. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಹಾಗಾದರೆ ಮಾವನ ಕಣ್ಣು ಸುಳ್ಳು ಹೇಳಿತೇ? ಇಲ್ಲ. ವ್ಯತ್ಯಾಸ ಆಗುವುದು ಮಂಜಿನೊಳಗಲ್ಲ, ಕಣ್ಣಿನೊಳಗೆ. ಚದುರಿ ಹಿಂದಕ್ಕೆ ಬರುವ ಬೆಳಕಿನಲ್ಲಿ ನೀಲಿ ಇದ್ದಷ್ಟೂ ಕಣ್ಣಿಗೆ ಚುಚ್ಚುತ್ತದೆ, ಬೇಗ ಆಯಾಸವಾಗುತ್ತದೆ. ಹಳದಿ ಗಾಜು ಆ ನೀಲಿಯನ್ನು ಸೋಸಿ ತೆಗೆಯುತ್ತದೆ. ಅಂಗಡಿಯವರು ಹೊಗಳುವ 6500 ಕೆಲ್ವಿನ್ನಿನ ನೀಲಿಬಿಳುಪು ಎಲ್‌ಇಡಿಯನ್ನು ಚಾರ್ಮಾಡಿಯ ಮಂಜಿನಲ್ಲಿ ಒಮ್ಮೆ ಹಾಕಿ ನೋಡಿದರೆ ಹಳದಿಯ ಬೆಲೆ ತಿಳಿಯುತ್ತದೆ.

ಬಣ್ಣಕ್ಕಿಂತಲೂ ದೊಡ್ಡ ಗುಟ್ಟು ಇರುವುದು ಆ ದೀಪಗಳ ಜಾಗದಲ್ಲಿ. ದೀಪ ಕಣ್ಣಿಗೆ ಹತ್ತಿರವಿದ್ದಷ್ಟೂ, ಅದು ಹೋದ ಹಾದಿಯಲ್ಲೇ ಕಣ್ಣೂ ನೋಡುತ್ತದೆ, ಆ ಹಾದಿಯಲ್ಲಿರುವ ಪ್ರತಿ ಹನಿಯೂ ನೇರ ಕಣ್ಣಿಗೇ ವಾಪಸು ಹೊಡೆಯುತ್ತದೆ. ದೀಪವನ್ನು ಬಂಪರಿನ ಕೆಳಗೆ, ಕಣ್ಣಿಂದ ಎಷ್ಟು ದೂರವಾಗುತ್ತದೋ ಅಷ್ಟು ದೂರ ಇಳಿಸಿ, ಬೆಳಕಿನ ಮೇಲಂಚನ್ನು ನೇರ ಕತ್ತರಿಸಿದರೆ, ಬೆಳಗಿದ ಮಂಜು ಕೆಳಗೆ ಉಳಿಯುತ್ತದೆ. ಕಣ್ಣು ಬೆಳಗದ ಮಂಜಿನ ಮೂಲಕ ಬೆಳಗಿದ ನೆಲವನ್ನು ನೋಡುತ್ತದೆ. ಮಾವ ಹೆಡ್‌ಲೈಟು ಆರಿಸುತ್ತಿದ್ದುದು ಇದಕ್ಕೇ. ಅವರಿಗೆ ಈ ಲೆಕ್ಕ ಯಾವುದೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಹಾಗಿರುವಾಗ ಜೀಪಿನ ಟಾಪಿನ ಮೇಲೆ ಉದ್ದಕ್ಕೆ ಒಂದು ಲೈಟ್‌ಬಾರು ಕಟ್ಟಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಚಿತ್ರದಲ್ಲಿ ಸೊಗಸು, ಮಳೆಯಲ್ಲಿ ಶಿಕ್ಷೆ. ಮೇಲಿಂದ ಬಿದ್ದ ಬೆಳಕು ಮೊದಲು ಬಾನೆಟ್ಟನ್ನು ಬೆಳಗುತ್ತದೆ, ಬಾನೆಟ್ಟಿಂದ ಕಣ್ಣಿಗೆ. ಮಂಜು, ಧೂಳು, ಮಳೆ, ಮೂರರಲ್ಲೂ ಅದು ಕಣ್ಣೆದುರು ಬಿಳಿ ಪರದೆ ಎತ್ತುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಎತ್ತರದ ಬೆಳಕಿಗೆ ಒಂದು ಗುಣವೂ ಇದೆ, ಅದು ಹೊಂಡದ ತಳಕ್ಕೆ ಇಣುಕುತ್ತದೆ. ಬಂಪರಿನ ದೀಪ ಓರೆಯಾಗಿ ಸಾಗುವುದರಿಂದ ಚಿಕ್ಕ ಗುಂಡಿಯೂ ಉದ್ದ ನೆರಳು ಬಿಟ್ಟು ಬಾವಿಯಷ್ಟು ಆಳ ಕಾಣುತ್ತದೆ. ಮರುಭೂಮಿಯ ರ‍್ಯಾಲಿಯವರು ಅದಕ್ಕಾಗಿಯೇ ಮೇಲೂ ದೀಪ ಇಡುತ್ತಾರೆ. ನನಗಾದರೆ ಆ ಉದ್ದ ನೆರಳೇ ಇಷ್ಟ. ನೆರಳಿಲ್ಲದೆ ನೆಲದ ಉಬ್ಬುತಗ್ಗು ಓದಲು ಬರುವುದಿಲ್ಲ, ಕಲ್ಲಿನ ಹಿಂದೆ ನೆರಳು ಎಷ್ಟು ಉದ್ದವಿದೆ ಎಂಬುದರಿಂದಲೇ ಅದು ಡಿಫರೆನ್ಷಿಯಲ್ಲಿಗೆ ತಾಗುತ್ತದೋ ಇಲ್ಲವೋ ಅಂದಾಜು ಸಿಗುತ್ತದೆ.

ಹ್ಯಾಲೊಜೆನ್ ಒಳ್ಳೆಯದೋ ಎಲ್‌ಇಡಿ ಒಳ್ಳೆಯದೋ ಎಂಬ ಜಗಳ ನಮ್ಮ ಕಡೆ ಕಾಫಿ ರೇಟಿನ ಚರ್ಚೆಯಷ್ಟೇ ಹೊತ್ತು ನಡೆಯುತ್ತದೆ. ಎಲ್‌ಇಡಿ ಕರೆಂಟು ಕಡಿಮೆ ತಿನ್ನುತ್ತದೆ, ಕುಲುಕಾಟ ತಡೆಯುತ್ತದೆ, ಬಲ್ಬು ಹೋಯಿತೆಂಬ ತಲೆನೋವಿಲ್ಲ. ಹಳೆಯ ಜೀಪಿನ ಸಣ್ಣ ಆಲ್ಟರ್ನೇಟರಿಗೆ ಇದು ದೊಡ್ಡ ಉಪಕಾರ. ಹ್ಯಾಲೊಜೆನ್ನಿನ ಬೆಳಕು 3200 ಕೆಲ್ವಿನ್ನಿನ ಸುತ್ತಿನದು, ಬೆಚ್ಚಗಿನ ಬಣ್ಣ. ಅದರಲ್ಲಿ ಕೆಮ್ಮಣ್ಣು ಕೆಮ್ಮಣ್ಣಾಗಿಯೇ ಕಾಣುತ್ತದೆ, ಒದ್ದೆ ಎಲೆ ಹಸಿರಾಗಿ. ಬಣ್ಣಗಳನ್ನು ನಿಜದಂತೆ ತೋರಿಸುವ ಸೂಚ್ಯಂಕದಲ್ಲಿ ಹ್ಯಾಲೊಜೆನ್ ನೂರರ ಹತ್ತಿರ, ವಾಹನದ ಎಲ್‌ಇಡಿಗಳು ಹೆಚ್ಚಾಗಿ ಎಪ್ಪತ್ತು ಎಂಬತ್ತರ ನಡುವೆ. ಇದು ಬರೀ ಚೆಂದದ ಮಾತಲ್ಲ. ಹುದುಲು ಯಾವುದು, ಗಟ್ಟಿ ಮಣ್ಣು ಯಾವುದು ಎಂಬುದನ್ನು ರಾತ್ರಿ ಬಣ್ಣದ ಛಾಯೆಯಿಂದಲೇ ಗುರುತಿಸಬೇಕು. ಇನ್ನೊಂದು ಸಂಗತಿ ಮಳೆಗಾಲದಲ್ಲಿ ಗೊತ್ತಾಗುತ್ತದೆ. ಹ್ಯಾಲೊಜೆನ್ ತನ್ನ ಬಿಸಿಯನ್ನು ಮುಂದಕ್ಕೆ ಬಿಡುವುದರಿಂದ ಗಾಜು ಬೆಚ್ಚಗಿದ್ದು, ಮೇಲೆ ಕೂತ ಇಬ್ಬನಿ ಆರಿಹೋಗುತ್ತದೆ. ಎಲ್‌ಇಡಿಯ ಬಿಸಿ ಬೆನ್ನ ಹಿಂದಿನ ರೆಕ್ಕೆಗಳಿಗೆ ಹೋಗುತ್ತದೆ, ಮುಖ ತಣ್ಣಗೇ ಇರುತ್ತದೆ.

ನಾನು ಇಬ್ಬರಿಗೂ ಜಾಗ ಕೊಟ್ಟಿದ್ದೇನೆ. ಕೆಳಗೆ ಮಂಜಿಗೆ ಹಳದಿ ಗಾಜಿನ ಹ್ಯಾಲೊಜೆನ್ ಜೊತೆ, ಬಂಪರಿನ ಮೇಲೆ ಏಳಿಂಚಿನ ಎಲ್‌ಇಡಿ ಡ್ರೈವಿಂಗ್ ಲ್ಯಾಂಪಿನ ಜೊತೆ, ಅದೂ 5000 ಕೆಲ್ವಿನ್ನಿಗಿಂತ ಮೇಲೆ ಹೋಗದಂಥದ್ದು. ನೀರು, ಧೂಳು ಒಳಹೊಗದಿರಲು ಐಪಿ 67 ಎಂಬ ಗುರುತು ಇದ್ದರೆ ಸಾಕು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯಬೇಕೆಂದು ಅದರ ಅರ್ಥ. ನಮ್ಮ ಹಳ್ಳಗಳಿಗೆ ಅಷ್ಟು ಬಂದೋಬಸ್ತು ಬೇಕೇ ಬೇಕು.

ಹಳೆಯ ದೀಪಗಳ ಗಾಜನ್ನು ಕೈಯಲ್ಲಿ ಹಿಡಿದು ನೋಡುವುದೇ ಒಂದು ಸಂತೋಷ. ಜರ್ಮನಿಯ ಹೆಲ್ಲಾ 1899ರಷ್ಟು ಹಳೆಯ ಕಂಪನಿ. ಫ್ರಾನ್ಸಿನ ಸಿಬಿಯೆ, ಬೆಕ್ಕಿನ ಮುಖದ ಗುರುತಿನ ಮಾರ್ಷಲ್. ಇವು ರ‍್ಯಾಲಿಯ ಹುಚ್ಚು ಹತ್ತಿದವರ ಬಾಯಲ್ಲಿ ಈಗಲೂ ನೀರೂರಿಸುವ ಹೆಸರುಗಳು. ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಟುರಿನಿ ಕಣಿವೆಯ ರಾತ್ರಿಯ ಹಂತಕ್ಕೆ ಉದ್ದ ಚೂರಿಗಳ ರಾತ್ರಿ ಎಂದು ಹೆಸರು ಬಿದ್ದದ್ದು ಇಂಥ ದೀಪಗಳಿಂದಲೇ, ಹಿಮದ ಬೆಟ್ಟದ ಮೇಲೆ ಅವು ಕತ್ತಲೆಯನ್ನು ಹಾಗೆ ಸೀಳುತ್ತಿದ್ದವು. ನಮ್ಮ ಕೆ-1000 ರ‍್ಯಾಲಿಯ ಹಳಬರೂ ಬಂಪರಿನ ಸಾಲುದೀಪಗಳ ಕಥೆ ಹೇಳಲು ಕೂತರೆ ಏಳುವುದಿಲ್ಲ. ಯುರೋಪಿನ ದೀಪಗಳ ಗಾಜಿನ ಮೇಲೆ 17.5 ಎಂದೋ 37.5 ಎಂದೋ ಒಂದು ಅಂಕಿ ಅಚ್ಚಾಗಿರುತ್ತದೆ. ಅದು ಆ ದೀಪದ ತೀಕ್ಷ್ಣತೆಯ ಗುರುತು. ಒಂದು ವಾಹನದ ಎಲ್ಲ ಹೈಬೀಮ್ ದೀಪಗಳ ಅಂಕಿ ಕೂಡಿದರೆ 100 ಮೀರಬಾರದೆಂದು ಅಲ್ಲಿನ ನಿಯಮ. ಡಬ್ಬಿಯ ಮೇಲಿನ ಹತ್ತಿಪ್ಪತ್ತು ಸಾವಿರ ಲ್ಯುಮೆನ್ನಿಗಿಂತ ಗಾಜಿನ ಮೂಲೆಯ ಈ ಪುಟ್ಟ ಅಂಕಿಯನ್ನೇ ನಾನು ಹೆಚ್ಚು ನಂಬುತ್ತೇನೆ.

ಲೈಟು ಆರಿಸಿಯಾಯಿತು ಎನ್ನುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತದೆ, ಉಳಿದರ್ಧ ವೈರಿಂಗು. ಬಣಕಲ್ಲಿನಲ್ಲಿ ನಾನು ಹೋಗುವ ಆಟೋ ಎಲೆಕ್ಟ್ರಿಷಿಯನ್ ಭಾಯ್ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಗಿರಾಕಿ ತಂದ ದೀಪವನ್ನು ಆಮೇಲೆ ನೋಡುತ್ತಾರೆ, ಮೊದಲು ಬಾನೆಟ್ ಎತ್ತಿಸಿ, ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಹೆಡ್‌ಲೈಟಿನ ಹೋಲ್ಡರಿನಲ್ಲಿ ಎಷ್ಟು ಎಂದು ಮೀಟರು ಹಿಡಿಯುತ್ತಾರೆ. ಹಳೆಯ ಜೀಪಿನಲ್ಲಿ ಬ್ಯಾಟರಿಗೆ ಹದಿನಾಲ್ಕು ಇದ್ದರೆ ಬಲ್ಬಿಗೆ ಹನ್ನೆರಡೂವರೆ ಮುಟ್ಟುವುದೂ ಕಷ್ಟ; ಉಳಿದದ್ದು ಸಪೂರ ವೈರಿನಲ್ಲಿ, ತುಕ್ಕು ಹಿಡಿದ ಅರ್ಥಿನಲ್ಲಿ, ಡ್ಯಾಶ್‌ಬೋರ್ಡಿನ ಸ್ವಿಚ್ಚಿನಲ್ಲಿ ಬಿಸಿಯಾಗಿ ಹೋಗಿರುತ್ತದೆ. ಹ್ಯಾಲೊಜೆನ್ನಿಗೆ ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತರಷ್ಟು ಬಿದ್ದುಹೋಗುತ್ತದೆ. “ಅಣ್ಣ, ಇರೋ ಲೈಟಿಗೇ ಪೂರ್ತಿ ಕರೆಂಟು ಹೋಗ್ತಿಲ್ಲ. ಮೊದ್ಲು ಅದಕ್ಕೆ ಊಟ ಹಾಕಿ, ಆಮೇಲೆ ಹೊಸಬರನ್ನ ಕರೀರಿ” ಎಂದರು ನನಗೆ. ಹೆಡ್‌ಲೈಟಿಗೇ ಒಂದು ರಿಲೇ ಹಾಕಿ, ಹೊಸ ವೈರೆಳೆದು, ಅರ್ಥಿನ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದ ಮೇಲೆ ಅದೇ ಬಲ್ಬು ಹೊಸದಾಗಿ ಹುಟ್ಟಿತು. ಎಷ್ಟೋ ಜೀಪುಗಳಿಗೆ ಇದೊಂದೇ ಚಿಕಿತ್ಸೆ ಸಾಕು, ಹೆಚ್ಚುವರಿ ದೀಪದ ಮಾತೇ ಬೇಡ.

ಭಾಯ್ ಕೆಲಸ ಮಾಡುವುದನ್ನು ಪಕ್ಕದ ಸ್ಟೂಲಿನಲ್ಲಿ ಕೂತು ನೋಡುವುದು ನನಗೆ ಬೇಸರ ತರಿಸದ ಹೊತ್ತು. 55 ವ್ಯಾಟಿನ ಎರಡು ದೀಪಕ್ಕೆ 12 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೆ ಸ್ವಲ್ಪ ಹೆಚ್ಚು; ಅದಕ್ಕೆ 15 ಆಂಪಿಯರಿನ ಫ್ಯೂಸು, ಅದೂ ಬ್ಯಾಟರಿಗೆ ಗೇಣು ದೂರದಲ್ಲೇ, ಮುಂದೆ ಎಲ್ಲಿ ವೈರು ತರಚಿದರೂ ಬೆಂಕಿ ಹತ್ತದಂತೆ. ರಿಲೇಯ 30ಕ್ಕೆ ಬ್ಯಾಟರಿ, 87ಕ್ಕೆ ದೀಪ, 85 ಮತ್ತು 86ಕ್ಕೆ ಸ್ವಿಚ್ಚು ಮತ್ತು ಅರ್ಥು. ಈ ಅಂಕಿಗಳನ್ನು ಅವರು ಮಗ್ಗಿಯ ಧಾಟಿಯಲ್ಲಿ ಹೇಳಿಕೊಳ್ಳುತ್ತಾರೆ. ಬಂಪರಿನ ಬ್ರ್ಯಾಕೆಟ್ಟಿಗೆ ತೆಳು ತಗಡು ತಂದರೆ ವಾಪಸು ಕಳಿಸುತ್ತಾರೆ. ಪಟ್ಟೆ ಸ್ಪ್ರಿಂಗಿನ ಜೀಪು ಕುಲುಕಿದಂತೆಲ್ಲ ದೀಪ ನಡುಗಿದರೆ ಬೆಳಕೂ ನಡುಗುತ್ತದೆ, ನೋಡುವವನಿಗೆ ಅರ್ಧ ಗಂಟೆಯಲ್ಲಿ ತಲೆ ಸುತ್ತುತ್ತದೆ. ಹಾಗಾಗಿ ದೀಪದ ಬೆನ್ನಿಗೆ ಇನ್ನೊಂದು ಆಸರೆಯ ಕಂಬಿ.

ಅವರು ಯಾರ ಮಾತಿಗೂ ಜಗ್ಗದ ಒಂದು ವಿಷಯವಿದೆ. ಡ್ರೈವಿಂಗ್ ಲ್ಯಾಂಪಿನ ರಿಲೇಗೆ ಸಂಕೇತ ಹೆಡ್‌ಲೈಟಿನ ಬ್ರೈಟಿನಿಂದಲೇ ಬರಬೇಕು. ಬ್ರೈಟ್ ಇದ್ದಾಗ ಮಾತ್ರ ಇವು ಉರಿಯಬೇಕು, ಡಿಮ್ ಮಾಡಿದ ಕ್ಷಣ ಇವೂ ಆರಬೇಕು. ಡ್ಯಾಶ್‌ಬೋರ್ಡಿನಲ್ಲಿ ಬೇರೆಯೇ ಒಂದು ಸ್ವಿಚ್ಚು ಇಟ್ಟು ಬಿಟ್ಟರೆ ಎದುರಿಂದ ಬೈಕು ಬಂದಾಗ ಅದನ್ನು ಹುಡುಕುವಷ್ಟರಲ್ಲಿ ಬೈಕಿನವ ಚರಂಡಿಯಲ್ಲಿರುತ್ತಾನೆ. ಹೀಗೆ ಹೇಳುವಾಗ ಭಾಯ್ ಅವರ ದನಿ ಗಡುಸಾಗುತ್ತದೆ.

ಈ ಗಡಸುತನ ನನಗೆ ಬೇಕಾದದ್ದೇ. ಎದುರಿನವರ ಕಣ್ಣಿಗೆ ಬಿದ್ದ ಬೆಳಕು ನಮಗೆ ಯಾವ ದಾರಿಯನ್ನೂ ತೋರಿಸುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದಕ್ಕೊಂದು ಅಳತೆಯೇ ಇದೆ: ದೀಪದಿಂದ 8 ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವವರಿಗೆ ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕತೊಡಗಿದಾಗ ನನ್ನ ಗೆಳೆಯರಲ್ಲಿ ಕೆಲವರಿಗೆ ಸಿಟ್ಟು ಬಂತು. ನನಗೆ ಸಮಾಧಾನವಾಯಿತು. ಕಾಡುಹಾದಿಗೆಂದು ಹಾಕಿದ ದೀಪಕ್ಕೆ ಊರೊಳಗೆ ಮುಚ್ಚಳ ಹಾಕಿಕೊಂಡು ಬರುವುದು ಒಂದು ನಿಮಿಷದ ಕೆಲಸ.

ಮುಚ್ಚಳ ಕಾಡಿನೊಳಗೂ ಬೇಕಾಗುತ್ತದೆ. ರಾತ್ರಿಯ ಪ್ರಾಣಿಗಳ ಕಣ್ಣಿನ ಹಿಂಪರದೆಯ ಹಿಂದೆ ಕನ್ನಡಿಯ ಗುಣದ ಒಂದು ಪದರವಿದೆ. ನಮ್ಮ ದೀಪಕ್ಕೆ ಅವುಗಳ ಕಣ್ಣು ಹೊಳೆಯುವುದು ಅದರಿಂದ. ಬೆಳದಿಂಗಳಿನ ಚೂರನ್ನೂ ಬಿಡದೆ ಬಳಸಿಕೊಳ್ಳಲೆಂದು ಬೆಳೆದ ಆ ಕಣ್ಣಿಗೆ ಇಂಥ ದೀಪ ಎಷ್ಟು ದೊಡ್ಡ ಪೆಟ್ಟು! ಕಡವೆ ರಸ್ತೆ ಮಧ್ಯೆ ಮರವಟ್ಟು ನಿಲ್ಲುವುದು ಧೈರ್ಯದಿಂದಲ್ಲ, ಏನೂ ಕಾಣದೆ. ಬಿಸಿ ಟಾರಿನ ಮೇಲೆ ಕೂತ ನತ್ತಿಂಗ ಹಕ್ಕಿ ಚಕ್ರ ಹತ್ತಿರ ಬರುವ ತನಕ ಏಳುವುದಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರ ತನಕ ವಾಹನ ಬಿಡುವುದಿಲ್ಲ, ಅದು ಆಗಲೇಬೇಕಾಗಿದ್ದ ಕೆಲಸ. ಅಂಥ ತಡೆ ಇಲ್ಲದ ನಮ್ಮ ಹಾದಿಗಳಲ್ಲಿ ಹೊಳೆಯುವ ಕಣ್ಣು ಕಂಡ ಕೂಡಲೇ ನಾನು ಡಿಮ್ ಮಾಡಿ, ಜೀಪು ನಿಲ್ಲಿಸಿ ಕಾಯುತ್ತೇನೆ. ಮುಂಗಾರಿಗೆ ಮುಂಚಿನ ವಾರಗಳಲ್ಲಿ ಮಿಂಚುಹುಳುಗಳು ಮರಮರವನ್ನೇ ಆವರಿಸಿ ಒಂದೇ ತಾಳಕ್ಕೆ ಮಿನುಗುವಾಗಲೂ ಅಷ್ಟೆ. ಅವು ಸಂಗಾತಿಯನ್ನು ಕರೆಯುವುದು ಬೆಳಕಿನಿಂದ, ನಮ್ಮ ದೀಪದ ಎದುರು ಆ ಕರೆ ಕೇಳಿಸುವುದಿಲ್ಲ.

ಕೊನೆಗೆ ಗುರಿ ಹಿಡಿಯುವ ಕೆಲಸ. ಇದನ್ನು ಸಂಜೆ ಕತ್ತಲಾಗುತ್ತಲೇ, ಕಾಫಿ ಒಣಗಿಸುವ ಕಣದಲ್ಲಿ, ಗೋದಾಮಿನ ಗೋಡೆಯೆದುರು ಮಾಡುತ್ತೇವೆ. ಕಣದಷ್ಟು ಸಮತಟ್ಟಾದ ಜಾಗ ನಮ್ಮಲ್ಲಿ ಬೇರೆ ಇಲ್ಲ. ಗೋಡೆಗೆ 25 ಅಡಿ ದೂರದಲ್ಲಿ ಜೀಪು ನಿಲ್ಲಿಸಿ, ದೀಪದ ನಡುಮಧ್ಯ ನೆಲದಿಂದ ಎಷ್ಟು ಎತ್ತರವೋ ಅಷ್ಟಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಫಾಗ್ ಲ್ಯಾಂಪಿನ ಬೆಳಕಿನ ಮೇಲಂಚು ಆ ಗೆರೆಗಿಂತ ನಾಲ್ಕು ಇಂಚು ಕೆಳಗಿರಬೇಕು. ಡ್ರೈವಿಂಗ್ ಲ್ಯಾಂಪಿನ ತೀಕ್ಷ್ಣ ಭಾಗ ಗೆರೆಗೆ ತಾಗಿಯೋ ತುಸು ಕೆಳಗೋ ಇದ್ದರೆ ಸರಿ. ಜೀಪು ಖಾಲಿ ಇದ್ದಾಗ ಹೊಂದಿಸಿದರೆ ಪ್ರಯೋಜನವಿಲ್ಲ. ಹಿಂದೆ ಜನ, ಸಾಮಾನು ಕೂತರೆ ಹಿಂದಿನ ಪಟ್ಟೆ ತಗ್ಗಿ ಮೂತಿ ಮೇಲಾಗುತ್ತದೆ, ಬೆಳಕು ಮರದ ತುದಿಗೆ ಹೋಗುತ್ತದೆ. ಹಾಗಾಗಿ ಮನೆಯವರನ್ನೆಲ್ಲ ಹಿಂದೆ ಕೂರಿಸುತ್ತೇನೆ, ಗೊಬ್ಬರದ ಎರಡು ಮೂಟೆಯನ್ನೂ. “ಇನ್ನೂ ಎಷ್ಟೊತ್ತು ಮಾರಾಯ?” ಎಂದು ಅತ್ತೆ ಕೇಳುತ್ತಾರೆ, ಇಳಿಯುವುದಿಲ್ಲ. ಸ್ಪ್ಯಾನರಿನಲ್ಲಿ ಕಾಲು ಸುತ್ತು ತಿರುಗಿಸಿದರೆ ಗೋಡೆಯ ಮೇಲೆ ಬೆಳಕು ಒಂದು ಗೇಣು ಸರಿಯುತ್ತದೆ. ಅದನ್ನು ಎಲ್ಲರೂ ಒಟ್ಟಿಗೆ ನೋಡುತ್ತಾರೆ, ಎಲ್ಲರಿಗೂ ಒಂದೊಂದು ಸಲಹೆ ಇರುತ್ತದೆ.

ಈಗ ನನ್ನ ಗಮನವೆಲ್ಲ ಜೀಪಿನ ಹಿಂಭಾಗದ ಮೇಲಿದೆ. ಮುಂದಿನ ದೀಪಗಳ ಬಗ್ಗೆ ಇಷ್ಟು ಮಾತಾಡುವ ನಾವು ರಿವರ್ಸ್ ಲೈಟನ್ನು ಮರೆತೇಬಿಡುತ್ತೇವೆ. ಅಲ್ಲಿರುವುದು 21 ವ್ಯಾಟಿನ ಒಂದು ಬಡ ಬಲ್ಬು. ಕಾಡುಹಾದಿಯಲ್ಲಿ ಹತ್ತಲಾಗದ ಏರು ಸಿಕ್ಕರೆ, ಎದುರಿಗೆ ಇನ್ನೊಂದು ಜೀಪು ಬಂದರೆ, ಮರ ಬಿದ್ದಿದ್ದರೆ, ಬಂದ ಹಾದಿಯಲ್ಲೇ ಹಿಮ್ಮುಖವಾಗಿ ಇಳಿಯಬೇಕು, ಒಂದು ಪಕ್ಕ ಕಂದಕ. ಅಲ್ಲಿಗೆ ದೂರದ ಬೆಳಕಿನ ಕೆಲಸವೇ ಇಲ್ಲ. ಅಗಲಕ್ಕೆ ಹರಡುವ, ಮೇಲಕ್ಕೆ ಸೂಸದ, ರಿವರ್ಸ್ ಗೇರು ಹಾಕಿದಾಗ ಮಾತ್ರ ಹತ್ತುವ ಒಂದು ಚಿಕ್ಕ ಚೌಕದ ಎಲ್‌ಇಡಿ ಸಾಕು. ಸ್ಟೆಪ್ನಿಯ ಪಕ್ಕ, ನಂಬರ್ ಪ್ಲೇಟಿಗಿಂತ ತುಸು ಮೇಲೆ ಕೂರಿಸಬಹುದು ಎಂದು ನನ್ನ ಲೆಕ್ಕ, ಅಲ್ಲಿ ಕೆಸರು ಹೊಡೆಯುತ್ತದೆ ಎಂದು ಭಾಯ್ ಅವರ ತಕರಾರು. ಈ ಮಳೆ ಹಿಡಿಯುವ ಮೊದಲು ಇಬ್ಬರೂ ಕೂತು ಅದನ್ನು ತೀರ್ಮಾನ ಮಾಡಬೇಕು.